ಡಿಶ್‌ವಾಶರಿಗೆ ಉಪ್ಪು, ರಿನ್ಸ್ ಏಡ್ ಎರಡೂ ಬೇಕಾ? ನಮ್ಮ ಜಿಲ್ಲೆಯ ನೀರು ಗೊತ್ತಿದ್ದವ್ರು ಹೇಳಿ

ಕೋಡಿಬಾಗ_ಅಡುಗೆಮನೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಮನೆಗೆ ಡಿಶ್‌ವಾಶರ್ ಬಂದು ಇನ್ನೂ ಹೊಸತು. ಅಂಗಡಿಯವ್ರು ಮಷೀನ್ ಜೊತೆಗೆ ಒಂದು ಪ್ಯಾಕೆಟ್ ಉಪ್ಪು, ಒಂದು ಬಾಟ್ಲಿ ರಿನ್ಸ್ ಏಡ್ (ಕೊನೆಯ ತೊಳೆತಕ್ಕೆ ಬೀಳೋ ದ್ರವ), ಪೌಡರ್ ಎಲ್ಲಾ ಕೊಟ್ಟಿದ್ರು, ಫಿಟ್ ಮಾಡುಕೆ ಬಂದವ ಮೂರನ್ನೂ ಹಾಕ್ಲೇಬೇಕು ಅಂತ ಹೇಳಿ ಹೋದ. ಈಗ ಉಪ್ಪು ಖಾಲಿ ಆಗಿ ಕೆಂಪು ಲೈಟ್ ಬರ್ತಾ ಇದೆ, ಪಕ್ಕದ ಮನೆ ಅಕ್ಕ ನೋಡಿದ್ರೆ ನಮ್ಮ ಊರಿನ ನೀರಿಗೆ ಉಪ್ಪೇ ಬೇಡ ಸುಮ್ನೆ ದುಡ್ಡು ದಂಡ ಅಂತಾರೆ. ನಮ್ಮಲ್ಲಿ ನಲ್ಲಿ ನೀರು ದಿನಾ ಬರುದಿಲ್ಲ, ಬರದ ದಿನ ಬಾವಿ ನೀರನ್ನೇ ಟ್ಯಾಂಕಿಗೆ ಏರಿಸ್ತೇವೆ, ಕಾಳಿ ನದಿ ಅಳಿವೆ ಹತ್ರನೇ ಇರೋದ್ರಿಂದ ಏಪ್ರಿಲ್ ಮೇ ಬಂತಂದ್ರೆ ಬಾವಿ ನೀರು ಸ್ವಲ್ಪ ಸವಳಾಗ್ತದೆ. ಚಾ ಗ್ಲಾಸಿನ ಮೇಲೆ ಬಿಳಿ ಮಬ್ಬು ಬೇರೆ ಕಾಣ್ತಾ ಇದೆ. ಇನ್ನೊಂದು, ಅತ್ತೆಗೆ ಬಿಪಿ ಇದೆ, ಉಪ್ಪು ಹಾಕಿ ತೊಳೆದ ಬಟ್ಟಲಲ್ಲಿ ಉಂಡ್ರೆ ಉಪ್ಪು ಹೊಟ್ಟೆಗೆ ಹೋಗುದಿಲ್ವಾ ಅಂತ ಕೇಳ್ತಾರೆ, ನಂಗೆ ಉತ್ತರ ಹೇಳುಕೆ ಗೊತ್ತಾಗ್ಲಿಲ್ಲ. ಹಾಕುದಾ ಬಿಡುದಾ?

ಅಬ್ಬಿನೀರು (ಶಿರಸಿ)

ನಮ್ಮನೆಗೆ ಗುಡ್ಡದ ಅಬ್ಬಿ ನೀರು, ಪೈಪಲ್ಲಿ ತನ್ನಷ್ಟಕ್ಕೇ ಇಳಿದು ಬರ್ತು. ಮಷೀನ್ ತಂದಾಗಿಂದ ಒಂದು ಹರಳು ಉಪ್ಪು ಹಾಕಿದ್ದಿಲ್ಲೆ, ಉಪ್ಪಿನ ಸೆಟ್ಟಿಂಗ್ ಸೊನ್ನೆಗೆ ಇಟ್ಟಾಯ್ದು, ಪಾತ್ರೆ ಎಲ್ಲಾ ಚೊಕ್ಕ. ಉಪ್ಪು ಬೇಡ.

ಸರ್ವಿಸ್_ಬ್ಯಾಗ್ (ಹೊನ್ನಾವರ)

ಅಬ್ಬಿನೀರು ಅವ್ರೇ, ನಿಮ್ಮನೆ ನೀರಿಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ಅದನ್ನೇ ಕೋಡಿಬಾಗದವ್ರಿಗೆ ಹೇಳುಕಾಗುದಿಲ್ಲ ಮಾರಾಯ್ರೆ. ನಾನು ಭಟ್ಕಳದಿಂದ ಅಂಕೋಲೆವರೆಗೆ ಮಷೀನ್ ರಿಪೇರಿಗೆ ತಿರುಗ್ತೇನೆ. ಒಂದೇ ಊರಲ್ಲಿ ರಸ್ತೆ ಈಚೆ ಮನೆ ತೆರೆದ ಬಾವಿ, ಆಚೆ ಮನೆ ಬೋರ್‌ವೆಲ್, ಎರಡೂ ಕಡೆ ನೀರು ಪೂರಾ ಬೇರೆ. ಉಪ್ಪು ಬೇಕಾ ಬೇಡವಾ ಅನ್ನುದು ಮಷೀನ್ ನೋಡಿ ಹೇಳುದಲ್ಲ, ಊರು ನೋಡಿ ಹೇಳುದೂ ಅಲ್ಲ, ನಿಮ್ಮ ಬಾವಿ ನೀರು ಅಳೆದು ಹೇಳುದು. ಕೋಡಿಬಾಗ ಅಕ್ಕ, ಮೊದ್ಲು ಒಂದು ಕೆಲಸ ಮಾಡಿ, ಮಬ್ಬಾದ ಗ್ಲಾಸಿಗೆ ವಿನಿಗರ್ ಇಲ್ಲಾ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ನೋಡಿ. ಮಬ್ಬು ಹೋದ್ರೆ ಅದು ನೀರಿನ ಸುಣ್ಣ, ಉಪ್ಪು ಸಾಲ್ತಾ ಇಲ್ಲ ಅಂತ ಲೆಕ್ಕ. ಹೋಗದಿದ್ರೆ ಗಾಜೇ ಸವೆದಿದೆ, ಅದು ಮತ್ತೆ ಸರಿ ಆಗುದಿಲ್ಲ, ಹಾಗೆ ಆಗುದು ನೀರು ಅತಿ ಮೆದು ಆದಾಗ, ಪೌಡರ್ ಜಾಸ್ತಿ ಸುರಿದಾಗ, ಬಿಸಿ ಜಾಸ್ತಿ ಇಟ್ಟಾಗ. ಎರಡೂ ನೋಡುಕೆ ಒಂದೇ ಥರ ಕಾಣ್ತದೆ ಆದ್ರೆ ಔಷಧ ಉಲ್ಟಾ. ಉಪ್ಪು ಹೆಚ್ಚು ಮಾಡಬೇಕಾದ ಕಡೆ ಕಮ್ಮಿ ಮಾಡಿ, ಕಮ್ಮಿ ಮಾಡಬೇಕಾದ ಕಡೆ ಹೆಚ್ಚು ಮಾಡಿ ಕೂತ ಮನೆಗಳು ಬೇಕಾದಷ್ಟು ನೋಡಿದ್ದೇನೆ.

ಕೆಮಿಸ್ಟ್ರಿ_ಮೇಷ್ಟ್ರು (ಕುಮಟಾ)

ಸರ್ವಿಸ್ ತಮ್ಮ ಸರಿಯಾಗಿ ಹೇಳಿದ್ದಾನೆ. ಒಳಗೆ ಏನಾಗ್ತದೆ ಅಂತ ತಿಳಿದ್ರೆ ಉಳಿದ ಗೊಂದಲವೂ ಹೋಗ್ತದೆ, ಸ್ವಲ್ಪ ಉದ್ದ ಆಗ್ತದೆ, ಓದಿ.

ಮಷೀನಿನ ತಳದಲ್ಲಿ ಒಂದು ಡಬ್ಬಿ ಇದೆ, ಅದರಲ್ಲಿ ಸಣ್ಣ ಸಣ್ಣ ರಾಳದ ಮಣಿಗಳು, ರೆಸಿನ್ ಅಂತಾರೆ. ಆ ಮಣಿ ಒಂದೊಂದೂ ಬಸ್ಸಿದ್ದ ಹಾಗೆ, ಸೀಟಿನ ತುಂಬಾ ಸೋಡಿಯಂ ಕೂತಿರ್ತದೆ. ಗಡಸು ನೀರು ಹಾದು ಹೋಗುವಾಗ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂ ಹತ್ತಿ ಕೂತ್ಕೊಳ್ತಾವೆ, ಸೋಡಿಯಂ ಇಳಿದು ನೀರಿನ ಜೊತೆ ಹೋಗ್ತದೆ. ಹೀಗೆ ಮೆದುವಾದ ನೀರೇ ಪಾತ್ರೆ ಮೇಲೆ ಬೀಳುದು. ಸೀಟೆಲ್ಲಾ ಕ್ಯಾಲ್ಸಿಯಂ ಪಾಲಾದ ಮೇಲೆ ಮಷೀನ್ ತಾನಾಗೇ ಉಪ್ಪಿನ ಡಬ್ಬಿಯಿಂದ ಗಟ್ಟಿ ಉಪ್ಪುನೀರು ಎಳ್ಕೊಂಡು ರೆಸಿನ್ ತೊಳೆದು, ಕ್ಯಾಲ್ಸಿಯಂ ಇಳಿಸಿ, ಮತ್ತೆ ಸೋಡಿಯಂ ಕೂರಿಸಿ, ಆ ನೀರನ್ನ ಸೀದಾ ಹೊರಗೆ ಬಿಡ್ತದೆ. ಅಂದ್ರೆ ಉಪ್ಪು ಪಾತ್ರೆ ತೊಳೆಯುಕೆ ಅಲ್ಲ, ರೆಸಿನ್ ತೊಳೆಯುಕೆ. ಆ ಉಪ್ಪುನೀರು ಬಟ್ಟಲು ಮುಟ್ಟುದೇ ಇಲ್ಲ.

ಅತ್ತೆಯವರ ಪ್ರಶ್ನೆ ಒಳ್ಳೇ ಪ್ರಶ್ನೆ. 100 ಪಿಪಿಎಂ (ಅಂದ್ರೆ ಲೀಟರಿಗೆ 100 ಮಿಲಿಗ್ರಾಂ) ಗಡಸುತನ ತೆಗೆದ್ರೆ ಒಂದು ಲೀಟರ್ ನೀರಿಗೆ 46 ಮಿಲಿಗ್ರಾಂ ಸೋಡಿಯಂ ಸೇರ್ತದೆ. ತೊಳೆದಾದ ಮೇಲೆ ತಟ್ಟೆ ಮೇಲೆ ಉಳಿಯುದು ಕೆಲವೇ ಹನಿ ನೀರು, ಅದರಲ್ಲಿ ಸೋಡಿಯಂ ಇದ್ದೂ ಇಲ್ಲದ ಹಾಗೆ. ಊಟದ ಜೊತೆ ಒಂದು ಚೂರು ಮಾವಿನ ಮಿಡಿ ಉಪ್ಪಿನಕಾಯಿ ಹಾಕ್ಕೊಂಡ್ರೆ ಅದಕ್ಕಿಂತ ಎಷ್ಟೋ ಪಟ್ಟು ಉಪ್ಪು ಹೊಟ್ಟೆಗೆ ಹೋಗ್ತದೆ. ಬಿಪಿ ಇದ್ದವ್ರು ಈ ವಿಷಯಕ್ಕೆ ಹೆದರುದು ಬೇಡ.

ಇನ್ನು ಎಷ್ಟು ಗಡಸು ಇದ್ರೆ ಉಪ್ಪು ಬೇಕು. ಮಷೀನಿನ ಪುಸ್ತಕದಲ್ಲಿ ಜರ್ಮನ್ ಡಿಗ್ರಿ ಅಂತ ಒಂದು ಅಳತೆ ಕೊಟ್ಟಿರ್ತಾರೆ, ಡಿಎಚ್. ಒಂದು ಡಿಗ್ರಿ ಅಂದ್ರೆ 17.8 ಪಿಪಿಎಂ. ತುಂಬಾ ಕಂಪನಿಯ ಮಷೀನುಗಳಲ್ಲಿ 6 ಡಿಗ್ರಿವರೆಗೆ, ಅಂದ್ರೆ ಸುಮಾರು 107 ಪಿಪಿಎಂವರೆಗೆ, ಸೆಟ್ಟಿಂಗ್ ಸೊನ್ನೆ, ಉಪ್ಪು ಬೇಡ. ಅದರ ಮೇಲೆ ಹೋದ ಹಾಗೆ ಒಂದೊಂದೇ ಮೆಟ್ಟಿಲು ಏರಿಸ್ಕೊಂಡು ಹೋಗುದು. ನಮ್ಮ ದೇಶದ ಕುಡಿಯೋ ನೀರಿನ ಮಾನಕ ಐಎಸ್ 10500 ಪ್ರಕಾರ ಗಡಸುತನ 200ರ ಒಳಗೆ ಇರಬೇಕು, ಬೇರೆ ನೀರೇ ಸಿಗದಿದ್ರೆ 600ರವರೆಗೆ ನಡೀತದೆ. ಹಾಗಾಗಿ ಕುಡಿಯುಕೆ ಅಡ್ಡಿಯಿಲ್ಲದ ನೀರು ಮಷೀನಿಗೆ ಗಡಸಾಗಿರಬಹುದು, ನಮ್ಮ ನೀರು ಕುಡಿಯುಕೆ ಸಿಹಿ ಇದೆ ಅಂತ ಉಪ್ಪು ಬಿಡುದು ಸರಿ ಅಲ್ಲ.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಲ್ಲು ಮಣ್ಣಿನ ತೆರೆದ ಬಾವಿ, ಅಬ್ಬಿ ನೀರು ಸಾಮಾನ್ಯವಾಗಿ ಮೆದು. ಅಷ್ಟು ಮಳೆ ಬೀಳುವ ಜಂಬಿಟ್ಟಿಗೆ ಮಣ್ಣಲ್ಲಿ ಸುಣ್ಣದ ಅಂಶ ಎಂದೋ ತೊಳೆದು ಹೋಗಿರ್ತದೆ. ಕರಾವಳಿಲೂ ಚಿರೇಕಲ್ಲಿನ ಬಾವಿ ಮೆದುವೇ, ಆದ್ರೆ ಅಳಿವೆ ಪಕ್ಕ, ಗಜನಿ ಗದ್ದೆ (ಉಪ್ಪುನೀರು ನುಗ್ಗುವ ಗದ್ದೆ) ಪಕ್ಕ ಇದ್ದ ಬಾವಿ ಮಾತ್ರ ಬೇಸಿಗೇಲಿ ಬದಲಾಗ್ತದೆ. ಸಮುದ್ರದ ನೀರಿನ ಗಡಸುತನ 6,000 ಪಿಪಿಎಂ ಮೇಲೆ. ಬಾವಿಗೆ ನೂರಕ್ಕೆ ಎರಡು ಪಾಲು ಸಮುದ್ರದ ನೀರು ಸೇರಿದ್ರೂ ಗಡಸುತನ 120ರ ಮೇಲೆ ಏರ್ತದೆ, ಅದರ ಜೊತೆ ಲೀಟರಿಗೆ 380 ಮಿಲಿಗ್ರಾಂ ಆಸುಪಾಸು ಕ್ಲೋರೈಡ್ ಬರ್ತದೆ. ಇಲ್ಲಿ ಎಲ್ಲರೂ ಗಮನ ಕೊಡಬೇಕಾದ ವಿಷಯ ಏನಂದ್ರೆ, ರೆಸಿನ್ ಕ್ಯಾಲ್ಸಿಯಂ ಮೆಗ್ನೀಷಿಯಂ ಮಾತ್ರ ಹಿಡೀತದೆ, ಕ್ಲೋರೈಡನ್ನ ಮುಟ್ಟುದಿಲ್ಲ. ಕ್ಲೋರೈಡ್ ಜಾಸ್ತಿ ಇದ್ರೆ ಸ್ಟೀಲಿನ ಮೇಲೆ ಸೂಜಿ ಚುಚ್ಚಿದ ಹಾಗೆ ಚುಕ್ಕೆ ತುಕ್ಕು ಬೀಳ್ತದೆ, ಚಾಕು ಚಮಚಕ್ಕೆ ಮೊದ್ಲು, ಆಮೇಲೆ ಮಷೀನಿನ ಒಳಗೋಡೆಗೆ. ನೀರು ಬಾಯಿಗೆ ಉಪ್ಪು ಅಂತ ಗೊತ್ತಾಗುವಷ್ಟು ಆದ ತಿಂಗಳಲ್ಲಿ ಎಷ್ಟು ಉಪ್ಪು ಹಾಕಿದ್ರೂ ಉಪಯೋಗ ಇಲ್ಲ, ನಲ್ಲಿ ನೀರು ಬಂದ ದಿನ ಮಾತ್ರ ಮಷೀನ್ ಓಡಿಸಿ, ಉಳಿದ ದಿನ ಕೈಯಲ್ಲೇ ತೊಳೀರಿ.

ಕೋಡಿಬಾಗ_ಅಡುಗೆಮನೆ (ಕಾರವಾರ)

ಸರ್, ತುಂಬಾ ಧನ್ಯವಾದ, ಅತ್ತೆಗೆ ಓದಿ ಹೇಳಿದೆ, ಸಮಾಧಾನ ಆಯ್ತು ಅವ್ರಿಗೆ. ಗಡಸುತನ ಅಳೆಯುದು ಹೇಗೆ? ಮನೇಲಿ ಟಿಡಿಎಸ್ ಮೀಟರ್ ಪೆನ್ ಇದೆ, ಅದು ಆಗ್ತದಾ?

ಸರ್ವಿಸ್_ಬ್ಯಾಗ್ (ಹೊನ್ನಾವರ)

ಟಿಡಿಎಸ್ ಪೆನ್ ಬೇಡ ಅಕ್ಕ. ಅದು ನೀರಲ್ಲಿ ಕರಗಿದ್ದೆಲ್ಲಾ ಒಟ್ಟಿಗೆ ತೋರಿಸ್ತದೆ, ಅಡುಗೆ ಉಪ್ಪು ಕರಗಿದ್ರೂ ತೋರಿಸ್ತದೆ, ಸುಣ್ಣ ಎಷ್ಟು ಅಂತ ಹೇಳುದಿಲ್ಲ. ಕರಾವಳಿ ಬಾವಿಲಂತೂ ಇದನ್ನ ನಂಬಿ ಸೆಟ್ಟಿಂಗ್ ಇಟ್ರೆ ಪೂರಾ ತಪ್ತದೆ. ಕೆಲವು ಮಷೀನ್ ಜೊತೆ ಟೆಸ್ಟ್ ಸ್ಟ್ರಿಪ್ ಬರ್ತದೆ, ಪುಸ್ತಕದ ಕವರಲ್ಲೇ ಇರ್ತದೆ, ಹುಡುಕಿ. ಇಲ್ಲದಿದ್ರೆ ಅಕ್ವೇರಿಯಂ ಅಂಗಡಿಲಿ ಜಿಎಚ್ ಕಿಟ್ ಅಂತ ಕೇಳಿ, ಸಣ್ಣ ಕೊಳವೆಗೆ ನೀರು ಹಾಕಿ ಹನಿ ಹನಿ ಬಿಡುದು, ಸಾಮಾನ್ಯವಾಗಿ ಒಂದು ಹನಿಗೆ ಒಂದು ಡಿಗ್ರಿ, ಬಣ್ಣ ಬದಲಾಗುವವರೆಗೆ ಎಣಿಸಿದ್ರೆ ಆಯ್ತು, ಬಂದ ಸಂಖ್ಯೆಯನ್ನ ಸೀದಾ ಪುಸ್ತಕದ ಟೇಬಲ್‌ಗೆ ಹೋಲಿಸಬಹುದು. ಹಳ್ಳಿಲಿ ಇರೋರು ಪಂಚಾಯ್ತಿಲಿ ಕೇಳಿ, ಜಲಜೀವನ್ ಮಿಷನ್ನಿನ ನೀರು ಪರೀಕ್ಷೆ ಕಿಟ್ ಇದ್ರೆ ಅದರಲ್ಲೂ ಗಡಸುತನ ನೋಡ್ತಾರೆ. ಬಾವಿ ನೀರು ಬೇರೆ, ನಲ್ಲಿ ನೀರು ಬೇರೆ ಅಳೀರಿ, ಮಳೆಗಾಲ ಮುಗಿದ ಮೇಲೆ ಒಂದು ಸಲ, ಮೇ ತಿಂಗಳಲ್ಲಿ ಒಂದು ಸಲ.

ತದಡಿ_ತಂಡೇಲ (ಗೋಕರ್ಣ ಹತ್ರ)

ನಮ್ಮ ಸಾಣಿಕಟ್ಟಾ ಉಪ್ಪು ಬಳಸ್ಬಹುದಾ? ಹರಳು ಹರಳು ಇದೆ, ಅಂಗಡಿಲಿ ಸಿಗೋ ಡಿಶ್‌ವಾಶರ್ ಉಪ್ಪೂ ಹರಳೇ, ಅದರಲ್ಲಿ ಅಯೋಡಿನ್ ಇಲ್ಲ ಇದರಲ್ಲೂ ಇಲ್ಲ. ಮನೆ ಬಾಗಿಲಲ್ಲೇ ಅಷ್ಟು ಒಳ್ಳೇ ಉಪ್ಪು ಆಗುವಾಗ ದೂರದಿಂದ ಬಂದ ಪ್ಯಾಕೆಟ್ ಯಾಕೆ ತಗಬೇಕು?

ಕೆಮಿಸ್ಟ್ರಿ_ಮೇಷ್ಟ್ರು (ಕುಮಟಾ)

ತಂಡೇಲರೇ, ಸಾಣಿಕಟ್ಟಾ ಉಪ್ಪು ಅಂದ್ರೆ ನಂಗೂ ಪ್ರೀತಿ, ನಮ್ಮನೆ ಮಿಡಿ ಉಪ್ಪಿನಕಾಯಿ, ಒಣಮೀನು ಎಲ್ಲಾ ಅದರಲ್ಲೇ. ಮಷೀನಿಗೆ ಮಾತ್ರ ದಯವಿಟ್ಟು ಹಾಕ್ಬೇಡಿ. ಕಾರಣ ಅದು ಆಗುವ ರೀತಿಯಲ್ಲೇ ಇದೆ. ಆಗರದಲ್ಲಿ ಸಮುದ್ರದ ನೀರು ಬಿಸಿಲಿಗೆ ಬತ್ತಿದ ಹಾಗೆ ಮೊದ್ಲು ಸುಣ್ಣ ಕೂರ್ತದೆ, ಆಮೇಲೆ ಜಿಪ್ಸಂ, ಆಮೇಲೆ ನಮಗೆ ಬೇಕಾದ ಉಪ್ಪು, ಮೆಗ್ನೀಷಿಯಂ ಕೊನೆವರೆಗೆ ನೀರಲ್ಲೇ ಉಳೀತದೆ. ಉಪ್ಪು ಎಳೆದು ರಾಶಿ ಹಾಕುವಾಗ ಹರಳಿಗೆ ಅಂಟಿ ಆ ಮೆಗ್ನೀಷಿಯಂ ನೀರೂ, ಸ್ವಲ್ಪ ಜಿಪ್ಸಂ, ತಳದ ಮಣ್ಣೂ ಬರ್ತದೆ. ಆ ಉಪ್ಪಿನ ರುಚಿ, ಬಣ್ಣ ಎರಡೂ ಅದರಿಂದಲೇ. ಆದ್ರೆ ರೆಸಿನ್ನಿಂದ ಓಡಿಸಬೇಕಾದ್ದೇ ಕ್ಯಾಲ್ಸಿಯಂ, ಮೆಗ್ನೀಷಿಯಂ, ತೊಳೆಯೋ ನೀರಲ್ಲೂ ಅವೇ ಇದ್ರೆ ರೆಸಿನ್ ಅರ್ಧಂಬರ್ಧ ತೊಳೀತದೆ. ಮಣ್ಣಂತೂ ಹೋಗಿ ಮಣಿಗಳ ಸಂದಿಲಿ ಕೂತ್ರೆ ತೆಗೆಯುಕೆ ದಾರಿ ಇಲ್ಲ.

ಪ್ಯಾಕೆಟ್ ಪುಡಿ ಉಪ್ಪೂ ಬೇಡ. ಗಂಟು ಕಟ್ಟದೇ ಇರಲಿ ಅಂತ ಅದಕ್ಕೆ ಬೇರೆ ಪುಡಿ ಸೇರಿಸಿರ್ತಾರೆ, ಜೊತೆಗೆ ಅಯೋಡಿನ್, ಮೇಲಾಗಿ ನುಣುಪು ಪುಡಿ ಒದ್ದೆಯಾಗಿ ಕಲ್ಲಿನ ಹಾಗೆ ಕೂತು ದಾರಿ ಮುಚ್ತದೆ. ಡಿಶ್‌ವಾಶರ್ ಉಪ್ಪು ಅಂದ್ರೆ ಬೇರೇನೂ ಅಲ್ಲ, ಶುದ್ಧ ಸೋಡಿಯಂ ಕ್ಲೋರೈಡ್, ದಪ್ಪ ಹರಳು. ಯಾವ ಕಂಪನಿದಾದ್ರೂ ಆಗ್ತದೆ, ಹೆಸರು ನೋಡಿ ದುಬಾರಿದು ತಗೊಳ್ಳುವ ಅಗತ್ಯ ಇಲ್ಲ.

ಸರ್ವಿಸ್_ಬ್ಯಾಗ್ (ಹೊನ್ನಾವರ)

ಇದಕ್ಕೆ ಸೇರಿಸ್ತೇನೆ. ಉಪ್ಪಿನ ಡಬ್ಬಿಗೆ ಮೊದಲ ಸಲ ಮಾತ್ರ ನೀರು ತುಂಬಿಸಿ ಆಮೇಲೆ ಉಪ್ಪು ಹಾಕುದು, ಮುಂದಿನ ಸಲ ಬರೀ ಉಪ್ಪು. ಉಪ್ಪು ಹಾಕುವಾಗ ನೀರು ಉಕ್ಕಿ ಚೆಲ್ತದೆ, ಹೆದರ್ಬೇಡಿ, ಅದು ಹಾಗೇ. ಆದ್ರೆ ಚೆಲ್ಲಿದ್ದನ್ನ ಒರೆಸಿ, ಮುಚ್ಚಳ ಬಿಗಿ ಮಾಡಿ ಕೂಡ್ಲೇ ಮಷೀನ್ ಓಡಿಸಿ. ರಾತ್ರಿ ಉಪ್ಪು ಹಾಕಿ ಬೆಳಿಗ್ಗೆ ಓಡಿಸುವಾ ಅಂತ ಬಿಟ್ರೆ ಅಷ್ಟರೊಳಗೆ ಸ್ಟೀಲಿಗೆ ತುಕ್ಕಿನ ಕಲೆ ಬೀಳ್ಬಹುದು. ಮತ್ತೊಂದು, ಉಪ್ಪಿನ ಡಬ್ಬಿಗೆ ಅಪ್ಪಿತಪ್ಪಿ ಪೌಡರ್ ಹಾಕಿದ್ರೆ ಸಾಫ್ಟ್‌ನರ್ (ರೆಸಿನ್ ಇರೋ ಭಾಗ) ಹೋಯ್ತು ಅಂತಲೇ, ಆ ಪಾರ್ಟ್ ಬದಲಿಸುಕೆ ದೊಡ್ಡ ಖರ್ಚು. ಮನೇಲಿ ಎಲ್ಲರಿಗೂ ಯಾವ ಮುಚ್ಚಳ ಯಾವುದಕ್ಕೆ ಅಂತ ತೋರಿಸಿಡಿ.

ಬನವಾಸಿ_ರಸ್ತೆ (ಶಿರಸಿ)

ನಮ್ಮ ಮಷೀನ್ ಬೆಂಗಳೂರಲ್ಲಿ ಬೋರ್ ನೀರಿಗೆ ಓಡ್ತಾ ಇತ್ತು, ಈಗ ಊರಿಗೇ ಬಂದಾಯ್ತು, ತೆರೆದ ಬಾವಿ ನೀರು. ಸೆಟ್ಟಿಂಗ್ ಮುಟ್ಟಿಲ್ಲ. ಇಲ್ಲೂ ಮೊದಲಿನ ಹಾಗೇ ಉಪ್ಪು ಮುಗೀತಾ ಇದೆ, ಹೊಸ ಗ್ಲಾಸು ಮಬ್ಬಾಗಿದೆ, ನಿಂಬೆಹುಳಿ ಹಚ್ಚಿದ್ರೂ ಹೋಗಲ್ಲ.

ಸರ್ವಿಸ್_ಬ್ಯಾಗ್ (ಹೊನ್ನಾವರ)

ಅದೇ ನೋಡಿ ಗಾಜು ಸವೆಯುದು ಅಂದ್ರೆ. ಮಷೀನಿಗೆ ನೀವು ಊರು ಬದಲಿಸಿದ್ದು ಗೊತ್ತಿಲ್ಲ, ಸೆಟ್ಟಿಂಗ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟು ಸಲ ರೆಸಿನ್ ತೊಳೀತಾ ಉಪ್ಪು ಖರ್ಚು ಮಾಡ್ತದೆ. ಇವತ್ತೇ ನೀರು ಅಳೆದು ಸೆಟ್ಟಿಂಗ್ ಇಳಿಸಿ. ಡಬ್ಬಿಲಿ ಉಳಿದ ಉಪ್ಪು ತೆಗೆಯುದು ಬೇಡ, ಇರಲಿ. ಸೊನ್ನೆಗೆ ಇಟ್ರೆ ಉಪ್ಪಿನ ಲೈಟೂ ಆರ್ತದೆ. ಪೌಡರನ್ನೂ ಅರ್ಧಕ್ಕೆ ಇಳಿಸಿ ನೋಡಿ, ಮೆದು ನೀರಿಗೆ ಕಮ್ಮಿ ಸಾಕು, ಬೆಂಗಳೂರಿನ ಅಳತೆ ಇಲ್ಲಿ ಬೇಡವೇ ಬೇಡ. ಗಾಜಿಗೆ 45, 50 ಡಿಗ್ರಿ ಬಿಸಿಯ ಪ್ರೋಗ್ರಾಂ ಇಡಿ.

ಅಬ್ಬಿನೀರು (ಶಿರಸಿ)

ಉಪ್ಪಿನ ವಿಷಯ ಸರಿ ಆತು. ರಿನ್ಸ್ ಏಡ್? ಅದನ್ನೂ ನಾ ಹಾಕ್ತ್ನಿಲ್ಲೆ. ಮಳೆಗಾಲದಲ್ಲಿ ಪಾತ್ರೆ ಒಣಗ್ತಿಲ್ಲೆ ಅಂಬುದೊಂದೇ ತೊಂದ್ರೆ, ಆಯಿ ಮತ್ತೆ ಎಲ್ಲಾ ಬಟ್ಟೆಲಿ ಒರೆಸ್ತಾ ಕೂರ್ತ.

ಕೆಮಿಸ್ಟ್ರಿ_ಮೇಷ್ಟ್ರು (ಕುಮಟಾ)

ಆಯಿಗೆ ಆ ಕೆಲಸ ತಪ್ಪಿಸಿ. ಉಪ್ಪು ಹಾಕುದು ನೀರಿನ ಗಡಸುತನ ನೋಡ್ಕೊಂಡು, ರಿನ್ಸ್ ಏಡ್ ಮಾತ್ರ ನನ್ನ ಪ್ರಕಾರ ನಮ್ಮ ಜಿಲ್ಲೆಲಿ ಎಲ್ಲರಿಗೂ ಬೇಕು. ಹೆಚ್ಚಿನ ಮಷೀನಿನಲ್ಲಿ ಒಣಗಿಸುಕೆ ಫ್ಯಾನ್ ಇಲ್ಲ, ಕೊನೆಯ ತೊಳೆತಕ್ಕೆ ನೀರು ಬಿಸಿ ಮಾಡ್ತದೆ, ಪಾತ್ರೆ ಬಿಸಿ ಹಿಡಿದಿರ್ತದೆ, ಅದರ ಮೇಲಿನ ನೀರು ಆವಿಯಾಗಿ ತಣ್ಣಗಿರೋ ಸ್ಟೀಲ್ ಗೋಡೆಗೆ ಹೋಗಿ ಹನಿ ಕಟ್ಟಿ ಇಳೀತದೆ. ಪಾತ್ರೆ ಮೇಲೆ ದಪ್ಪ ಹನಿ ನಿಂತಿದ್ರೆ ಅದು ಅಷ್ಟು ಬೇಗ ಆವಿ ಆಗುದಿಲ್ಲ. ರಿನ್ಸ್ ಏಡ್ ನೀರಿನ ಮೇಲ್ಮೈ ಬಿಗಿತ ಕಮ್ಮಿ ಮಾಡ್ತದೆ, ಹನಿ ನಿಲ್ಲದೆ ತೆಳು ಪೊರೆಯಾಗಿ ಹರಿದು ಹೋಗ್ತದೆ, ಉಳಿದದ್ದು ಬೇಗ ಒಣಗ್ತದೆ. ಆಷಾಢದಲ್ಲಿ ಬಟ್ಟೆಯೇ ಒಣಗದ ನಮ್ಮ ಊರಲ್ಲಿ ಇದರ ಬೆಲೆ ಗೊತ್ತಾಗ್ತದೆ. ಪ್ರೋಗ್ರಾಂ ಮುಗಿದ ಮೇಲೆ ಬಾಗಿಲು ಒಂದು ಗೇಣು ತೆಗೆದಿಡಿ, ಆವಿ ಹೊರಗೆ ಹೋಗಲಿ. ಪ್ಲಾಸ್ಟಿಕ್ ಡಬ್ಬಿ ಬಿಸಿ ಹಿಡಿಯುದಿಲ್ಲ, ಅದು ಏನು ಮಾಡಿದ್ರೂ ಸ್ವಲ್ಪ ಒದ್ದೆಯೇ.

ಅಳತೆ ಕಣ್ಣಿಗೇ ಗೊತ್ತಾಗ್ತದೆ. ಗ್ಲಾಸಿನ ಮೇಲೆ ಹನಿಯ ಚುಕ್ಕೆ ಉಳಿದ್ರೆ ರಿನ್ಸ್ ಏಡ್ ಸೆಟ್ಟಿಂಗ್ ಒಂದು ಅಂಕ ಏರಿಸಿ, ನೀಲಿ ಛಾಯೆ ಅಥವಾ ಗೆರೆ ಗೆರೆ ಕಂಡ್ರೆ ಇಳಿಸಿ. ಮೆದು ನೀರಿಗೆ ಕಡಿಮೆ ಅಂಕವೇ ಸಾಕು.

ಹಬ್ಬದ_ಕಡುಬು (ಅಂಕೋಲಾ)

ಕೊನೆಗೆ ಹಾಕೋ ಕೆಮಿಕಲ್ ಅಂದ್ರೆ ಅದು ತೊಳೆದು ಹೋಗುದಿಲ್ಲ ಅಲ್ವಾ? ಮನೇಲಿ ಸಣ್ಣ ಮಗು ಇದೆ. ರಿನ್ಸ್ ಏಡ್‌ನಿಂದ ಕರುಳಿಗೆ ತೊಂದ್ರೆ ಅಂತ ವಾಟ್ಸಾಪಲ್ಲಿ ಬಂದಿತ್ತು, ಓದಿದ ಮೇಲೆ ಬಾಟ್ಲಿ ಮುಟ್ಟುಕೂ ಮನಸ್ಸಾಗ್ತಾ ಇಲ್ಲ.

ಕೆಮಿಸ್ಟ್ರಿ_ಮೇಷ್ಟ್ರು (ಕುಮಟಾ)

ತಂಗೀ, ಅದು ಪೂರ್ತಿ ಸುಳ್ಳು ಸುದ್ದಿ ಅಲ್ಲ, ಹಾಗಾಗಿ ಸರಿಯಾಗಿ ಹೇಳ್ತೇನೆ. ಜ್ಯೂರಿಚ್ ವಿಶ್ವವಿದ್ಯಾಲಯದ ಅಲರ್ಜಿ ಸಂಶೋಧಕರು 2022ರ ಕೊನೆಗೆ ಒಂದು ಅಧ್ಯಯನ ಪ್ರಕಟಿಸಿದ್ರು. ಆಲ್ಕೋಹಾಲ್ ಇಥಾಕ್ಸಿಲೇಟ್ ಅನ್ನುವ ಅಂಶ ಇರುವ ರಿನ್ಸ್ ಏಡ್ ಕರುಳಿನ ಒಳಪದರದ ಜೀವಕೋಶಗಳಿಗೆ ಹಾನಿ ಮಾಡ್ತದೆ ಅಂತ ಅದರಲ್ಲಿದೆ. ಆದ್ರೆ ಅವ್ರು ಮುಖ್ಯವಾಗಿ ನೋಡಿದ್ದು ಹೋಟೆಲ್, ಕ್ಯಾಂಟೀನಿನ ದೊಡ್ಡ ಮಷೀನು, ಒಂದೆರಡು ನಿಮಿಷದಲ್ಲಿ ತೊಳೆದು ರಿನ್ಸ್ ಏಡ್ ಹಾಕಿ ಹಾಗೇ ಒಣಗಿಸುವಂಥವು, ಅಲ್ಲಿ ಪಾತ್ರೆ ಮೇಲೆ ಉಳಿಕೆ ಜಾಸ್ತಿ. ಪರೀಕ್ಷೆ ಮಾಡಿದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ, ಮನುಷ್ಯರ ಮೇಲಲ್ಲ. ಮನೆ ಮಷೀನಿನಲ್ಲಿ ಒಂದು ಸಲಕ್ಕೆ ಬೀಳುದು ಕೆಲವು ಮಿಲಿಲೀಟರ್, ಅದೂ ಕೆಲವು ಲೀಟರ್ ನೀರಿಗೆ. ನಾನಾದ್ರೆ ಏನು ಮಾಡ್ತೇನೆ ಅಂದ್ರೆ, ದೊಡ್ಡವರ ಪಾತ್ರೆಗೆ ಕಡಿಮೆ ಅಂಕದಲ್ಲಿ ಇಡ್ತೇನೆ, ಹಸುಗೂಸಿನ ಬಾಟಲಿ, ಒಳಲೆ, ಪುಟ್ಟ ಬಟ್ಟಲು ಇವನ್ನ ಮಷೀನಿಗೆ ಹಾಕದೇ ಕೈಯಲ್ಲೇ ತೊಳೆದು ಕುದಿಸ್ತೇನೆ. ನಿಮಗೆ ಮನಸ್ಸಿಗೆ ಸಮಾಧಾನ ಇಲ್ಲ ಅಂದ್ರೆ ಮಗು ದೊಡ್ಡದಾಗುವವರೆಗೆ ರಿನ್ಸ್ ಏಡ್ ಬಿಟ್ಟು ಒರೆಸ್ಕೊಳ್ಳಿ, ಮಷೀನಿಗೆ ಅದರಿಂದ ಏನೂ ಹಾನಿ ಇಲ್ಲ.

ತದಡಿ_ತಂಡೇಲ (ಗೋಕರ್ಣ ಹತ್ರ)

ಹಾಗಾದ್ರೆ ಅದರ ಬದಲು ವಿನಿಗರ್? ಅಂಟುವಾಳಕಾಯಿ ನೀರು?

ಸರ್ವಿಸ್_ಬ್ಯಾಗ್ (ಹೊನ್ನಾವರ)

ಅಂಟುವಾಳ ಖಂಡಿತಾ ಬೇಡ, ನೊರೆ ಬಂದು ಪಂಪು ಗಾಳಿ ಎಳೀತದೆ, ನೀರು ಚಿಮ್ಮುದೇ ನಿಲ್ತದೆ. ಪಾತ್ರೆ ತೊಳೆಯೋ ಲಿಕ್ವಿಡ್ ಸೋಪಿಗೂ ಇದೇ ಮಾತು. ವಿನಿಗರ್ ಸುಣ್ಣದ ಚುಕ್ಕೆ ತೆಗೀತದೆ ನಿಜ, ಆದ್ರೆ ಹನಿ ಹರಿಸುವ ಗುಣ ಅದಕ್ಕಿಲ್ಲ, ದಿನಾ ಆ ಡಬ್ಬಿಲಿ ತುಂಬಿಟ್ರೆ ರಬ್ಬರ್ ಸೀಲು ಹಾಳಾಗ್ತದೆ. ಒಳಗೆ ಕೆಂಪು ನೀರಿನ ಕಬ್ಬಿಣದ ಕಲೆ, ಸುಣ್ಣ ಕೂತಿದ್ರೆ ಆಗಾಗ ಖಾಲಿ ಮಷೀನಿಗೆ ಸಿಟ್ರಿಕ್ ಆಸಿಡ್ ಪುಡಿ ಹಾಕಿ ಬಿಸಿ ಪ್ರೋಗ್ರಾಂ ಓಡಿಸಿ, ಅಷ್ಟು ಸಾಕು.

ಬನವಾಸಿ_ರಸ್ತೆ (ಶಿರಸಿ)

ಆಲ್ ಇನ್ ಒನ್ ಟ್ಯಾಬ್ಲೆಟ್ ಹಾಕಿದ್ರೆ ಉಪ್ಪು, ರಿನ್ಸ್ ಏಡ್ ಎರಡೂ ಅದರಲ್ಲೇ ಇರ್ತದಲ್ವಾ?

ಕೆಮಿಸ್ಟ್ರಿ_ಮೇಷ್ಟ್ರು (ಕುಮಟಾ)

ಇರ್ತದೆ ಅಂತ ಬರೆದಿರ್ತಾರೆ. ಉಪ್ಪಿನ ಬದಲು ಗಡಸುತನ ಕಟ್ಟಿಹಾಕುವ ರಾಸಾಯನಿಕ ಇರ್ತದೆ, 21 ಡಿಗ್ರಿ ಆಸುಪಾಸಿನವರೆಗೆ ಸಾಕು ಅಂತ ತಯಾರಕರು ಹೇಳ್ತಾರೆ. ಅಷ್ಟು ಗಡಸಿಲ್ಲದ ನೀರಿಗೆ ಪರವಾಗಿಲ್ಲ. ಆದ್ರೆ ಟ್ಯಾಬ್ಲೆಟ್ ಕರಗುದು ನಡುವಿನ ತೊಳೆತದಲ್ಲಿ, ಆ ನೀರು ಹೊರಗೆ ಹೋಗಿ ಹೊಸ ನೀರು ಬರ್ತದೆ, ಕೊನೆಯ ಸುತ್ತಿಗೆ ಅದರಲ್ಲಿದ್ದ ರಿನ್ಸ್ ಏಡ್ ಎಷ್ಟು ಉಳಿದಿರ್ತದೆ? ಹಾಗಾಗಿ ಒಣಗುದು ಮುಖ್ಯ ಅಂದ್ರೆ ಬೇರೆ ಹಾಕಲೇಬೇಕು. ಅದಲ್ಲದೆ ನಮ್ಮ ಮೆದು ನೀರಿಗೆ ಟ್ಯಾಬ್ಲೆಟ್ ಅರ್ಧ ಮಾಡುಕೆ ಬರುದಿಲ್ಲ, ಪೌಡರ್ ಆದ್ರೆ ಬೇಕಾದಷ್ಟೇ ಹಾಕಬಹುದು. ಘಟ್ಟದ ಮೇಲಿನವ್ರಿಗೆ ಪೌಡರೇ ಒಳ್ಳೇದು.

ಕೋಡಿಬಾಗ_ಅಡುಗೆಮನೆ (ಕಾರವಾರ)

ಕಿಟ್ ಸಿಕ್ತು. ನಲ್ಲಿ ನೀರು 2 ಡಿಗ್ರಿ, ಬಾವಿದು ಈಗ 9. ಗ್ಲಾಸಿನ ಮಬ್ಬು ನಿಂಬೆರಸಕ್ಕೆ ಪೂರಾ ಹೋಯ್ತು. ಪುಸ್ತಕದ ಟೇಬಲ್ ಪ್ರಕಾರ 9ಕ್ಕೆ ಸೆಟ್ಟಿಂಗ್ 2. ಎರಡೂ ನೀರು ಒಂದೇ ಟ್ಯಾಂಕಲ್ಲಿ ಬೆರೀತದೆ, ಯಾವ್ದಕ್ಕೆ ಇಡ್ಲಿ?

ಸರ್ವಿಸ್_ಬ್ಯಾಗ್ (ಹೊನ್ನಾವರ)

ಈಗ 2ಕ್ಕೆ ಇಟ್ಟು ಉಪ್ಪು ಹಾಕಿ. ಮಾರ್ಚ್ ನಂತರ ಬಾವಿ ಮತ್ತೆ ಅಳೀರಿ, ಏರಿದ್ರೆ ಏರಿಸಿ, ಮೇಷ್ಟ್ರು ಹೇಳಿದ ಹಾಗೆ ಬಾಯಿಗೆ ಉಪ್ಪು ಅನಿಸಿದ್ರೆ ಬಾವಿ ನೀರಲ್ಲಿ ಓಡಿಸ್ಬೇಡಿ. ಜೂನಲ್ಲಿ ಮಳೆ ಹಿಡಿದು ಬಾವಿ ತುಂಬಿದ ಮೇಲೆ ಇನ್ನೊಂದು ಸಲ ಅಳೆದು 6ರ ಒಳಗೆ ಬಂದ್ರೆ ಸೊನ್ನೆಗೆ ಇಳಿಸಿ.

ಕೆಸುವಿನ_ಬುಡ (ಸಿದ್ದಾಪುರ)

ಎಲ್ಲರೂ ಮಷೀನ್ ಒಳಗಿನದ್ದು ಹೇಳಿದ್ರಿ, ಹೊರಗೆ ಬಂದ ನೀರಿನ ವಿಷಯ ಕೇಳ್ತೆ. ನಮ್ಮಲ್ಲಿ ಬಚ್ಚಲ ನೀರು, ಅಡುಗೆಮನೆ ನೀರು ಎಲ್ಲಾ ಹಿತ್ಲಿನ ಬಾಳೆ, ಕೆಸುವಿನ ಬುಡಕ್ಕೇ ಹೋಗುದು, ಅಲ್ಲಿಂದ ಕೆಳಗೆ ತೋಟದ ಕಾಲುವೆಗೆ. ಡಿಶ್‌ವಾಶರ್ ನೀರು ಬಿಟ್ರೆ ಅಡಿಕೆ ಮರಕ್ಕೆ ಏನೂ ಆಗ್ತಿಲ್ಯಾ?

ಕೆಮಿಸ್ಟ್ರಿ_ಮೇಷ್ಟ್ರು (ಕುಮಟಾ)

ಉಪ್ಪು ಹಾಕದಿದ್ರೆ ಉಪ್ಪುನೀರು ಬರುದಿಲ್ಲ, ನಿಮಗೆ ಅರ್ಧ ಚಿಂತೆ ಅಲ್ಲೇ ಕಳೀತು. ಸುಮ್ನೆ ಅಭ್ಯಾಸಕ್ಕೆ ಉಪ್ಪು ತುಂಬಬೇಡಿ ಅಂತ ನಾನು ಒತ್ತಿ ಹೇಳುಕೆ ಇದೂ ಒಂದು ಕಾರಣ. ಇನ್ನರ್ಧ ಪೌಡರಿನದು. ಅದರಲ್ಲಿ ಮುಖ್ಯವಾಗಿ ಇರುದು ವಾಷಿಂಗ್ ಸೋಡಾ, ಅದೂ ಸೋಡಿಯಂ, ಜೊತೆಗೆ ಕ್ಷಾರ ಜಾಸ್ತಿ. ಯುರೋಪಿನಲ್ಲಿ 2017ರ ಜನವರಿಯಿಂದ ಮನೆ ಡಿಶ್‌ವಾಶರ್ ಪೌಡರಿಗೆ ಫಾಸ್ಫೇಟ್ ಮಿತಿ ಹಾಕಿದ್ದಾರೆ, ಹಳ್ಳ ಕೆರೆ ಪಾಚಿ ಕಟ್ಟುತ್ತದೆ ಅಂತ, ತಗೊಳ್ಳುವಾಗ ಫಾಸ್ಫೇಟ್ ಇಲ್ಲ ಅಂತ ಬರೆದದ್ದು ನೋಡಿ. ಮಳೆಗಾಲದಲ್ಲಿ ಎಲ್ಲಾ ತೊಳೆದು ಹೋಗ್ತದೆ, ತೊಂದರೆ ಕಮ್ಮಿ. ಬೇಸಿಗೇಲಿ ಒಂದೇ ಬುಡಕ್ಕೆ ದಿನಾ ಬಿಟ್ರೆ ಮಣ್ಣು ಗಟ್ಟಿ ಆಗ್ತದೆ, ಎಲೆ ಅಂಚು ಸುಡ್ತದೆ, ಪೈಪಿನ ಬಾಯಿ ಆಗಾಗ ಬದಲಿಸಿ, ಬಾವಿ ಕಡೆಗೆ ಮಾತ್ರ ಹರಿಸಬೇಡಿ.

ಕೆಸುವಿನ_ಬುಡ (ಸಿದ್ದಾಪುರ)

ಆಯ್ತು ಮೇಷ್ಟ್ರೆ, ಪೈಪನ್ನ ಅಡಿಕೆ ಬಿಟ್ಟು ದೂರದ ತೆಂಗಿನ ಸಾಲಿಗೆ ತಿರುಗಿಸ್ತೆ. ಉಪ್ಪಿನ ಸೆಟ್ಟಿಂಗ್ ಸೊನ್ನೆ ಮಾಡಾಯ್ತು.